ಆರು ಕಿಲೋ ಆಕ್ಸಿಜನ್

ಗಾಳಿಯನ್ನೂ ಕಿಲೋ ಲೆಕ್ಕದಲ್ಲಿ ತೂಗಬಹುದು ಎಂದು ನನಗೆ ಹೇಳಿಕೊಟ್ಟವರು ನಮ್ಮವರೇ. ಘಣಸೋಲಿಯಲ್ಲಿ ಇವರದ್ದೊಂದು ಗ್ರಿಲ್, ಗೇಟು ಮಾಡುವ ವರ್ಕ್‌ಶಾಪ್ ಇತ್ತು. ಕಬ್ಬಿಣ ಕತ್ತರಿಸುವ ಆಕ್ಸಿಜನ್ ಸಿಲಿಂಡರಿನ ಮೀಟರನ್ನು ಇವರು ನಂಬಿದವರೇ ಅಲ್ಲ. ಸಿಲಿಂಡರ್ ತೂಗು, ಅದರ ಕುತ್ತಿಗೆಯ ಮೇಲೆ ಕೆತ್ತಿದ ಖಾಲಿ ತೂಕ ಕಳೆ, ಉಳಿದ ಕಿಲೋದ ಮುಕ್ಕಾಲು ಪಾಲು ತೆಗೆ, ಅಷ್ಟು ಘನ ಮೀಟರ್ ಗ್ಯಾಸ್ ಇದೆ ಎಂದರ್ಥ. ಊಟಕ್ಕೆ ಕೂತಾಗಲೂ ಇದೇ ಪುರಾಣ. ನನಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಕೊರೊನಾದ ಎರಡನೇ ಅಲೆಯಲ್ಲಿ ಇವರಿಗೆ ಉಸಿರಾಡುವುದೇ ಕಷ್ಟವಾಯಿತು. ಠಾಣೆಯಿಂದ ವಾಶಿಯವರೆಗೆ ಎಲ್ಲಿ ಕೇಳಿದರೂ ಬೆಡ್ ಇಲ್ಲ. ಕೊನೆಗೆ ವರ್ಕ್‌ಶಾಪಿನಲ್ಲಿ ಅರ್ಧಂಬರ್ಧ ಉಳಿದಿದ್ದ ಸಿಲಿಂಡರನ್ನೇ ನನ್ನ ತಮ್ಮ ಕೋಪರಖೈರಣೆಯ ನಮ್ಮ ಮನೆಗೆ ತಂದ. ಮಾಸ್ಕನ್ನೂ, ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸುವ ಗಾಜಿನ ಕೊಳವೆಯನ್ನೂ ಎಲ್ಲಿಂದಲೋ ಹೊಂದಿಸಿದ. ಬೇರೆ ದಾರಿ ಇಲ್ಲದಿದ್ದರೆ ಅದನ್ನೇ ಹಚ್ಚಿ, ನಿಮಿಷಕ್ಕೆ ಐದು ಲೀಟರಿಗಿಂತ ಕಡಿಮೆ ಮಾಡಬೇಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಕೆಳಗೆ ಹೋಟೆಲು ನಡೆಸುವ ಉಡುಪಿಯವರು ತಮ್ಮ ಅಕ್ಕಿ ತೂಗುವ ಕಾಟಾವನ್ನು ಮೇಲೆ ಕಳಿಸಿಕೊಟ್ಟರು.

“ತೂಕ ಎಷ್ಟುಂಟು ಹೇಳು ಮಾರಾಯ್ತಿ,” ಎಂದರು ಇವರು, ಮಲಗಿದಲ್ಲಿಂದಲೇ.

ಖಾಲಿ ತೂಕ ಕಳೆದರೆ ಆರು ಕಿಲೋ. ಹೇಳಿದೆ. ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ನನಗೂ ಆ ಲೆಕ್ಕ ಬಾಯಿಪಾಠ: ನಾಲ್ಕೂವರೆ ಘನ ಮೀಟರ್, ಅಂದರೆ ನಾಲ್ಕೂವರೆ ಸಾವಿರ ಲೀಟರ್. ಐದರಲ್ಲಿ ಬಿಟ್ಟರೆ ಹದಿನೈದು ಗಂಟೆ. ಆಗ ಬೆಳಗಿನ ಒಂಬತ್ತು. ನನ್ನ ತಮ್ಮ ಕಲ್ಯಾಣ್, ಮುಂಬ್ರಾ ಎಲ್ಲ ಸುತ್ತಿ, ತುಂಬಿದ ಸಿಲಿಂಡರ್ ಸಿಗುವುದು ಮರುದಿನ ಬೆಳಿಗ್ಗೆಯೇ ಎಂದು ಫೋನ್ ಮಾಡಿದ.

ಮಧ್ಯಾಹ್ನ ಗಂಜಿ ಹಿಡಿದು ಬಂದು ನೋಡುತ್ತೇನೆ, ಗಾಜಿನ ಕೊಳವೆಯೊಳಗೆ ಐದರಲ್ಲಿ ತೇಲಬೇಕಾದ ಗುಂಡು ಎರಡಕ್ಕೆ ಇಳಿದಿದೆ. ಇವರ ಕೈ ಇನ್ನೂ ತಿರುಪಿನ ಮೇಲೇ ಇತ್ತು. ಕೆಲಸದಲ್ಲೂ ಇವರದ್ದು ಇದೇ ಚಟ, ಎರಡು ಕಟಿಂಗ್ ನಡುವೆ ಒಂದು ಗಳಿಗೆ ಸಿಕ್ಕಿದರೂ ಗ್ಯಾಸ್ ಬಂದ್ ಮಾಡುತ್ತಿದ್ದರು. ನಾನು ಏರಿಸಿದೆ. ಸಂಜೆ ನೋಡಿದರೆ ಮತ್ತೆ ಎರಡು. ನಿಮಗೇನು ತಲೆಗಿಲೆ ಕೆಟ್ಟಿದೆಯಾ, ಇದೇನು ಗೇಟು ಕತ್ತರಿಸುವ ಕೆಲಸವಾ ಎಂದು ಬಾಯಿಗೆ ಬಂದಂತೆ ಬೈದೆ.

“ಬೆಳಿಗ್ಗೆವರೆಗೆ ಬರ್ಬೇಕಲ್ಲ,” ಎಂದರು, ಒಂದೊಂದೇ ಮಾತು ಎಳೆದು. “ಪೂರಾ ಖಾಲಿಯಾದ್ರೆ ಎಂತ ಮಾಡ್ತಿ?”

ಎಂತ ಮಾಡಲಿ? ಹೇಗೋ ಮೂರಕ್ಕೆ ಒಪ್ಪಿಸಿದೆ. ಮಾರ್ಕೆಟ್ಟಿನಲ್ಲಿ ಬಂಗುಡೆ ಮೀನಿಗೆ ಮಾಡುವಂತೆ ಗಂಡನ ಉಸಿರಿಗೆ ಚೌಕಾಸಿ ಮಾಡಿದೆ, ಥೂ.

ಬೆಳಕು ಹರಿಯುವ ಮೊದಲೇ ಇವರು ಹೋದರು. ತುಂಬಿದ ಸಿಲಿಂಡರನ್ನು ತಮ್ಮ ತಂದದ್ದು ಎಂಟಕ್ಕೆ. ಮೇಲಿನ ಮಾಳಿಗೆಯಲ್ಲಿ ಇನ್ನೊಬ್ಬರು ಏದುಸಿರು ಬಿಡುತ್ತಿದ್ದರು, ಅವರ ಮನೆಯವರು ಅದನ್ನು ಕೊಂಡೊಯ್ದರು. ಹಳೆಯದರಲ್ಲೂ ಏನಾದರೂ ಉಳಿದಿದೆಯೇ ಎಂದು ಹಿಂಜರಿಯುತ್ತಾ ಕೇಳಿದರು. ತಮ್ಮ ಅದನ್ನು ಕಾಟಾದ ಮೇಲೆ ನಿಲ್ಲಿಸಿದ.

ಎರಡು ಕಿಲೋ ಇತ್ತು.

ಒಂದೂವರೆ ಸಾವಿರ ಲೀಟರ್. ಐದರಲ್ಲಿ ಐದು ಗಂಟೆ. ಹೆಣ ಇನ್ನೂ ಮನೆಯಲ್ಲೇ ಇತ್ತು, ನನ್ನ ಹಾಳು ತಲೆ ತನ್ನಷ್ಟಕ್ಕೆ ಗುಣಿಸಿ ಮುಗಿಸಿತ್ತು. ಇವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಐದರಲ್ಲೇ ಬಿಟ್ಟಿದ್ದರೆ ನಡುರಾತ್ರಿಗೇ ಖಾಲಿಯಾಗುತ್ತಿತ್ತು, ಆಮೇಲೆ ಎಂಟರವರೆಗೆ ಬರಿಯ ಕಬ್ಬಿಣ. ಯಾರ ಮೇಲೆ ಸಿಟ್ಟು ಮಾಡಲಿ? ಯಾವ ಕಡೆಯಿಂದ ಗುಣಿಸಿದರೂ ಇವರು ಉಳಿಯುವುದಿಲ್ಲ. ಆದರೂ ದಿನಾ ಗುಣಿಸುತ್ತೇನೆ.