ಭಾವ ಮುಚ್ಚಿದ ತೂತು

ಇಪ್ಪತ್ತು ವರ್ಷದಿಂದ ಕಾರಿನ ಬಾಗಿಲು ಬಿಚ್ಚಿ ರಿಪೇರಿ ಮಾಡುವ ಆಕೆ ಎಲ್ಲರಿಗೂ ಬಾಗಿಲಕ್ಕ. ಅಂದು ಸ್ವಂತ ಅಕ್ಕ-ಭಾವನೇ ಬಂದರು. ಬಾಗಿಲಿನ ಸ್ಪೀಕರು ಮೂರನೇ ಸಲ ನೀರು ಕುಡಿದು ಸತ್ತಿತ್ತು.

"ನಿಮ್ಮಕ್ಕ ಮಳೇಲಿ ಗಾಜು ಇಳಿಸ್ತಾಳಮ್ಮ, ಅದಕ್ಕೇ!" ಎಂದರು ಭಾವ. ಕಾರೊಳಗೆ ಕೂತಿದ್ದ ಅಕ್ಕ ತನ್ನ ಪಕ್ಕದ ಗಾಜನ್ನು ಪೂರ್ತಿ ಏರಿಸಿಕೊಂಡಳು.

ಅಲ್ಲಾಡಿಸಿದರೆ ಬಾಗಿಲು ಅರೆತುಂಬಿದ ಕೊಡದಂತೆ ತುಳುಕಿತು! ಬಾಗಿಲಕ್ಕ ಬಗ್ಗಿ ನೋಡಿದಳು.

"ಭಾವ, ಅಡಿಯ ತೂತಿಗೆ ಗಮ್ ಮೆತ್ತಿದ್ದು ಯಾರು?"

"ನಾನೇ. ನೀರು ನುಗ್ಗಬಾರದು ಅಂತ."

"ಅಯ್ಯೋ, ಗಾಜು ಮುಚ್ಚಿದ್ರೂ ನೀರು ಸಂದಿಯಿಂದ ಬಂದೇ ಬರುತ್ತೆ. ಅದು ಹೊರಗೆ ಹೋಗೋ ದಾರೀನೇ ಈ ತೂತು!"

ತುರುಬಿನ ಪಿನ್ನು ಕಿತ್ತು ಚುಚ್ಚಿದಳು. ಭಾವನ ಹೊಸ ಬೂಟಿನ ಮೇಲೆ ನೀರು ಭರ್ರೆಂದಿತು, ಬಾಗಿಲಕ್ಕ ಕುಣಿದೇಬಿಟ್ಟಳು! ಹೊಸ ಸ್ಪೀಕರಿಗೆ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಸೂರು ಕಟ್ಟಿದಳು. ಗಾಜಿಗೆ ಪೈಪಿನಿಂದ ನೀರು ಹೊಡೆದರೂ ಹಾಡು ನಿಲ್ಲಲಿಲ್ಲ.

ಆಗ ಅಕ್ಕ, ಗಂಡನನ್ನೇ ನೋಡುತ್ತಾ, ಗಾಜನ್ನು ಪೂರ್ತಿ ಇಳಿಸಿದಳು.