ಅಲೆಯದ ಗೆರೆ

ಎದುರಿನವರಿಗೆ ಇಷ್ಟವಾಗುವಂತೆ ಕೆಲಸ ಮಾಡುವುದು ಫಹೀಮನ ಹುಟ್ಟುಗುಣ. ಬಯೋಮೆಡಿಕಲ್ ಡಿಪ್ಲೊಮಾ ಮುಗಿಸಿ ಯಂತ್ರಗಳನ್ನೇ ಕಂಡುಹಿಡಿಯಲು ಹೊರಟವನು, ಈಗ ಶಿವಾಜಿನಗರದ ಕ್ಲಿನಿಕ್ಕೊಂದರಲ್ಲಿ ಜನರ ಎದೆಗೆ ಜೆಲ್ ಹಚ್ಚಿ ಇಸಿಜಿ ತೆಗೆಯುತ್ತಿದ್ದ. ಅಮ್ಮಿ ನೆಂಟರ ಮುಂದೆ ‘ಇಂಜಿನಿಯರ್’ ಎನ್ನುತ್ತಿದ್ದಳು, ಅವನೂ ತಿದ್ದಿರಲಿಲ್ಲ.

ಆ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿ ಜಿಯಾವುಲ್ಲಾ ಎದೆ ಉರಿಯೆಂದು ಬಂದು ಮಲಗಿದರು. ಅವರ ಏದುಸಿರಿಗೆ ಕಾಗದದ ಮೇಲಿನ ಗೆರೆ ಅಲೆಯುತ್ತಿತ್ತು. ಅಂಥ ಗೆರೆ ಕಂಡರೆ ರೋಗಿಗಳು ಹೆದರುತ್ತಾರೆ, ಡಾಕ್ಟರ್ ತೇಜಶ್ರೀ ರೇಗುತ್ತಾರೆ. ಫಹೀಮ್ ಎಂದಿನಂತೆ, ಗೆರೆಯ ಅಲುಗಾಟ ಅಳಿಸುವ ಫಿಲ್ಟರನ್ನು ತುದಿಗೇರಿಸಿದ. ಗೆರೆ ನೆಟ್ಟಗಾಯಿತು. ಡಾಕ್ಟರು ಗ್ಯಾಸಿನ ಮಾತ್ರೆ ಬರೆದು ಕಳಿಸಿದರು.

ಹಾಸಿಗೆ ಒರೆಸಲು ಹೋದರೆ ಹೊದಿಕೆ ಬೆವರಿಗೆ ಒದ್ದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಗ್ಯಾಸಿಗೆ ಯಾರು ಇಷ್ಟು ಬೆವರುತ್ತಾರೆ? ಫಹೀಮ್ ಯಂತ್ರದತ್ತ ನೋಡಿದ, ಫಿಲ್ಟರ್ ಇನ್ನೂ ತುದಿಯಲ್ಲೇ ಇತ್ತು. ಉಸಿರಿನ ಅಲೆ ನಿಧಾನದ್ದು. ಹೃದಯಕ್ಕೆ ರಕ್ತ ಸಾಲದಾಗ ಪ್ರತಿ ಬಡಿತದ ಬೆನ್ನಿಗೆ ಗೆರೆ ಮೇಲೆದ್ದು ನಿಲ್ಲುತ್ತದಲ್ಲ, ಅದೂ ನಿಧಾನದ್ದೇ. ಫಿಲ್ಟರಿಗೆ ಇದು ಕಸ, ಅದು ಕಾಯಿಲೆ ಎಂಬ ವಿವೇಕವಿಲ್ಲ, ಎರಡನ್ನೂ ಗುಡಿಸುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವನು ಪೂರ್ತಿ ಅಂಕ ಪಡೆದಿದ್ದ.

ಡಾಕ್ಟರಿಗೆ ಬಾಗಿಲಲ್ಲೇ ನಿಂತು ಹೇಳಿ ಓಡಿದ. ಮಾರ್ಕೆಟ್ ತಲುಪುವಷ್ಟರಲ್ಲಿ ಅವನದೇ ಇಸಿಜಿ ತೆಗೆಯುವ ಸ್ಥಿತಿ. ಜಿಯಾವುಲ್ಲಾ ದಾಳಿಂಬೆ ಬುಟ್ಟಿಗೆ ಒರಗಿ ಕೂತಿದ್ದರು.

“ಚಾಚಾ, ಇನ್ನೊಂದ್ಸಲ ತೆಗೀಬೇಕು, ಬನ್ನಿ.”

“ಯಾಕೆ ಬೇಟಾ, ಫೋಟೊ ಚೆನ್ನಾಗಿ ಬಂದಿಲ್ವಾ?”

“ಜಾಸ್ತಿ ಚೆನ್ನಾಗಿ ಬಂದ್ಬಿಟ್ಟಿದೆ.”

ಅವರು ನಕ್ಕರು. ನಗು ಅರ್ಧದಲ್ಲೇ ನಿಂತು, ಕೈ ಎದೆಗೆ ಹೋಯಿತು. ಫಹೀಮ್ ಅವರನ್ನು ಎಬ್ಬಿಸಿ ಆಟೊ ಹಿಡಿದ.

ಕ್ಲಿನಿಕ್ಕಿನಲ್ಲಿ ಈ ಬಾರಿ ಫಿಲ್ಟರನ್ನು ಇಳಿಸಿದ. ಗೆರೆ ಅಲೆಯಿತು; ಅಲೆಯುತ್ತಲೇ ಪ್ರತಿ ಬಡಿತದ ನಂತರ ಮೇಲೆದ್ದು ನಿಂತಿತು. ತಾನು ಕಂಡದ್ದು ತಪ್ಪಾಗಿರಲಿ ಎಂದು ಬೇಡಿಕೊಂಡ. ತೇಜಶ್ರೀ ನೋಡಿದವರೇ ರಕ್ತ ತೆಳುವಾಗಿಸುವ ಮಾತ್ರೆ ಅಗಿಯಲು ಕೊಟ್ಟು, ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಫಹೀಮನ ಕಡೆಗೆ ತಿರುಗಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಂಬುಲೆನ್ಸಿನಲ್ಲಿ ಜಿಯಾವುಲ್ಲಾ ಜೇಬಿನಿಂದ ಮೊದಲ ಕಾಗದ ತೆಗೆದರು. “ಇದೇ ಎಷ್ಟು ನೀಟಾಗಿತ್ತು. ಅಲ್ಲಿ ಇದನ್ನೇ ತೋರಿಸೋಣ, ಬೇಗ ಬಿಟ್ಟು ಕಳಿಸ್ತಾರೆ.”

“ಅದು ನಿಮ್ದಲ್ಲ ಚಾಚಾ. ಅದನ್ನ ನಾನು ಮಾಡಿದ್ದು.”

ಜಿಯಾವುಲ್ಲಾ ಅವನ ಮುಖವನ್ನೇ ನೋಡಿದರು. ಆಮೇಲೆ ಕಾಗದವನ್ನು ಅವನ ಕೈಗಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು. ಮುಂದೆ ಸಿಗ್ನಲ್ ಕೆಂಪಾಗಿತ್ತು, ಬಸ್ಸೊಂದು ಅಡ್ಡ ನಿಂತಿತ್ತು.