ಬಕೆಟ್ಟಿಗೆ ಹೋದ ಬೆಳ್ಳಕ್ಕಿ

ನಮ್ಮಜ್ಜಿ ಎಂಥ ಮಡಿವಂತೆ ಅಂತ ನಮ್ಮ ಬಳಗದವರು ಇವತ್ತಿಗೂ ಹೊಗಳುತ್ತಾರೆ. ಮದುವೆ ಮುಂಜಿಯಲ್ಲಿ ಯಾರಾದರೂ ಈ ಮಾತು ತೆಗೆದರೆ ನನಗೆ ಎಲೆ ಬಿಟ್ಟು ಎದ್ದುಹೋಗಬೇಕು ಅನ್ನುವಷ್ಟು ಸಿಟ್ಟು ಬರುತ್ತದೆ. ಸತ್ತವಳ ಮೇಲೆ ಇನ್ನೆಂಥ ಸಿಟ್ಟು ಅಂತೀರಿ. ಬರುತ್ತದೆ, ಏನು ಮಾಡಲಿ? ಆಕೆಯ ಮಡಿ ಎಂಥದ್ದು ಅಂತ ಹೊಗಳುವವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ. ಅದರಲ್ಲೇ ಅಡುಗೆ, ಅದರಲ್ಲೇ ದೇವರು, ಅದರಲ್ಲೇ ಅಪ್ಪನ ಮಂಚ. ನಾನು ಮೂರನೇ ಇಯತ್ತೆ. ಚಾಳಿನ ಅಂಗಳದಲ್ಲಿ ಪ್ರತಿವರ್ಷ ಗಣಪತಿ ಕೂಡಿಸುತ್ತಿದ್ದರು, ಹಬ್ಬದ ನಡುವೆ ಬರುವ ರವಿವಾರ ಮಕ್ಕಳ ವೇಷದ ಸ್ಪರ್ಧೆ. ಹುಡುಗರೆಲ್ಲ ರಾಜರು, ಹುಡುಗಿಯರೆಲ್ಲ ಮೀನಿನ ಬುಟ್ಟಿ ಹೊತ್ತ ಕೋಳಿಣಿಯರು. ಹಿಂದಿನ ವರ್ಷ ನನ್ನನ್ನೂ ಹಾಗೇ ಕಳಿಸಿದ್ದರು. ಸ್ಟೇಜಿನ ಮೇಲೆ ನನ್ನಂಥವರೇ ಒಂದು ಹಿಂಡು ಇದ್ದೆವು, ನಾನು ಯಾವಾಗ ಹತ್ತಿದೆ, ಯಾವಾಗ ಇಳಿದೆ, ಯಾರೂ ನೋಡಲಿಲ್ಲ.

ಈ ಸಲ ನಾನು ಬೆಳ್ಳಕ್ಕಿ ಆಗಬೇಕು ಅಂತ ಹಟ ಹಿಡಿದೆ. ಚಾಳಿನ ಹಿಂದೆ ಎಮ್ಮೆಗಳ ತಬೇಲಾ ಇತ್ತು. ಅಲ್ಲಿ ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ ಬಂದು ಕೂಡುತ್ತಿತ್ತು. ಕೆಳಗೆ ಅಷ್ಟು ಸೆಗಣಿ, ಗಂಜಲ. ಅದರ ಮೈಮೇಲೆ ಒಂದು ಕಲೆ ಇಲ್ಲ. ಯಾರ ಹಂಗೂ ಇಲ್ಲದ ಹಾಗೆ ಕತ್ತು ಎತ್ತಿ ನಿಲ್ಲುತ್ತಿತ್ತು. ಹಾಗೆ ಒಂದು ಸಲ ನಾನು ಸ್ಟೇಜಿನ ಮೇಲೆ ನಿಲ್ಲಬೇಕು, ಎಲ್ಲರೂ ನೋಡಬೇಕು. ನನಗೆ ಬೇಕಾಗಿದ್ದು ಅಷ್ಟೇ.

"ಬೆಳ್ಳಕ್ಕಿ ಮಾಡ್ಲಿಕ್ಕೆ ನನಗ ಪುರಸೊತ್ತು ಎಲ್ಲೆದವಾ?" ಅಂದಿದ್ದಳು ಅವ್ವ. ಎಲ್ಲಿಂದ ಬರಬೇಕು ಪುರಸೊತ್ತು? ಹಬ್ಬಕ್ಕೆಂದು ಧಾರವಾಡದಿಂದ ಅಜ್ಜಿ, ಅಪ್ಪನ ತಾಯಿ, ಬಂದು ಕೂತಿದ್ದಳು. ಆದರೆ ಸ್ಪರ್ಧೆ ಹತ್ತಿರ ಬಂದಾಗ ಅವ್ವ ಹೊರಗಾದಳು. ತಿಂಗಳಿನ ಆ ಮೂರು ದಿನ ಒಲೆ ಮುಟ್ಟುವಂತಿಲ್ಲ, ನೀರು ಮುಟ್ಟುವಂತಿಲ್ಲ, ನಮ್ಮನ್ನು ಮುಟ್ಟುವಂತಿಲ್ಲ. ಧಾರವಾಡದ ಮನೆಯಲ್ಲಿ ಅದಕ್ಕೆಂದೇ ಒಂದು ಕೋಣೆ ಇತ್ತಂತೆ. ಇಲ್ಲಿ ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ, ಒಂದು ಚಾಪೆ. ಬಂದವರೆಲ್ಲ ನೋಡಬೇಕು, ಇಡೀ ಚಾಳಿಗೆ ಗೊತ್ತಾಗಬೇಕು. ಹೆಂಗಸರಿಗೆ ಅದೊಂದು ವಿಶ್ರಾಂತಿ ಅಂತ ಹೇಳುವ ಜಾಣರಿದ್ದಾರೆ. ಅವರನ್ನು ಒಂದು ದಿನ ಆ ಚಾಪೆಯ ಮೇಲೆ ಕೂಡಿಸಬೇಕು.

ಆ ಚಾಪೆಯ ಮೇಲೆ ಕೂತೇ ಅವ್ವ ನನ್ನ ಬೆಳ್ಳಕ್ಕಿ ಮಾಡಿದಳು. ಅಪ್ಪನ ಹಳೆಯ ಧೋತರ ಕತ್ತರಿಸಿ ಉದ್ದ ತೋಳಿನ ಅಂಗಿ ಹೊಲಿದಳು. ಗಾಳಿಪಟ ಮಾಡುವ ತೆಳು ಬಿಳಿ ಕಾಗದ ತರಿಸಿ, ಗರಿ ಕತ್ತರಿಸಿ, ಅಂಚು ಸಣ್ಣಗೆ ಸೀಳಿದಳು. ಕೆಳಗಿನಿಂದ ಶುರು ಮಾಡಿ ಒಂದೊಂದೇ ಸಾಲು ಅಂಗಿಗೆ ಹೊಲಿಯುತ್ತ ಬಂದಳು, ಮೇಲಿನ ಸಾಲು ಕೆಳಗಿನದರ ಹೊಲಿಗೆ ಮುಚ್ಚುವಂತೆ. ರಟ್ಟಿನ ಕೊಕ್ಕು ಮಾಡಿ ಅರಿಶಿನ ಬಳಿದಳು. ನಾನು ದಾರ, ಕಾಗದ ಎಲ್ಲ ದೂರದಿಂದ ಒಗೆಯಬೇಕು. ಅಳತೆ ತೆಗೆಯಲು ನನ್ನನ್ನು ಮುಟ್ಟುವಂತಿಲ್ಲವಲ್ಲ, "ತಿರುಗು. ಕೈ ಎತ್ತು. ಇನ್ನಷ್ಟ ಎತ್ತವಾ" ಅನ್ನುತ್ತ ಕಣ್ಣಲ್ಲೇ ಅಳೆದಳು.

ಇದೆಲ್ಲ ಅಜ್ಜಿಯ ಕಣ್ಣೆದುರಿಗೇ ನಡೆಯಿತು, ನೆನಪಿರಲಿ. "ಹುಡುಗರ ಆಟ. ಆಡಿ ಬಂದ ಮ್ಯಾಲೆ ಆಕಿ ತಲೀ ಮ್ಯಾಲೆ ನೀರ ಹಾಕಿದ್ರಾತು" ಅಂತ ತಾನೇ ಅಪ್ಪಣೆ ಕೊಟ್ಟಿದ್ದಳು.

ರವಿವಾರ ಮಧ್ಯಾಹ್ನ ನಾನು ಲಂಗದಲ್ಲಿ ಕುಣಿಯುತ್ತ ನಿಂತಿದ್ದೆ. ಬೆಳ್ಳಕ್ಕಿ ಅವ್ವನ ಚಾಪೆಯ ಮೇಲಿತ್ತು. ನನ್ನನ್ನು ಕರೆದೊಯ್ಯಲು ಪಕ್ಕದ ಖೋಲಿಯ ಮರಾಠಿ ಮಾವಶಿ ಬಂದು ಬಾಗಿಲಲ್ಲಿ ನಿಂತು, "ಚಲ ಬಾಳ, ಆಧೀ ಗಣಪತೀಚ್ಯಾ ಪಾಯಾ ಪಡಾಯಚಂ" ಅಂದಳು. ಮೊದಲು ಗಣಪತಿಯ ಕಾಲಿಗೆ ಬೀಳಬೇಕು ಅಂತ. ಅಜ್ಜಿಯ ಕಿವಿ ನೆಟ್ಟಗಾಯಿತು.

"ಏನಂದ್ಲಾಕಿ? ಗಣಪ್ಪನ ಮುಂದ ಹೋಗೂದದ ಏನು? ಹೊರಗ ಕೂತಾಕಿ ಹೊಲದದ್ದು ಹಾಕ್ಕೊಂಡು ದೇವರ ಕಾಲ ಮುಟ್ಟತೀ? ಅಯ್ಯ, ನನ್ನ ಹಣೇಬರಾ!"

"ಹೋಗ್ಲಿ ಬಿಡವ್ವಾ" ಅಂತ ಅಪ್ಪ ಅಜ್ಜಿಗೆ ಅಂದ, ಪೇಪರಿನ ಹಿಂದಿನಿಂದ. ಪೇಪರು ಕೆಳಗಿಡಲಿಲ್ಲ.

"ನಾ ಏನ ಹೋಗಬ್ಯಾಡ ಅಂದೆ? ಒಂದ ಸಲ ನೀರಾಗ ಅದ್ದಿ ಕೊಡತೀನಿ. ಮಡಿ ಆಗ್ತದ, ಹಾಕ್ಕೊಂಡ ಹೋಗ್ಲಿ."

ಮಡಿ ಸೀರೆ ಒಣಹಾಕುವ ಕೋಲು ತಗೊಂಡಳು. ಕೋಲಿನ ತುದಿಗೆ ನನ್ನ ಬೆಳ್ಳಕ್ಕಿಯನ್ನು, ಕೊಕ್ಕು ಸಮೇತ, ಸಿಕ್ಕಿಸಿ ಎತ್ತಿದಳು. "ಅತ್ತಿಯವರ, ಕಾಗದದ್ದರಿ ಅದು! ಕಾಗದ!" ಅಂತ ಅವ್ವ ಚೀರಿದಳು. ತಡೆಯಬೇಕೆಂದರೆ ಅತ್ತೆಯನ್ನು ಮುಟ್ಟಬೇಕು. ಮುಟ್ಟಲಿಲ್ಲ. ಅಜ್ಜಿ ಬಕೆಟ್ಟಿನಲ್ಲಿ ಅದ್ದಿದಳು, ಕೋಲಿನಿಂದ ಒತ್ತಿ ಒತ್ತಿ ಮುಳುಗಿಸಿದಳು. ಆಮೇಲೆ ಎತ್ತಿ, ಸೀರೆ ಹಿಂಡುವಂತೆ ಹಿಂಡಿ, ಝಾಡಿಸಿ, ನನ್ನೆದುರು ಹಿಡಿದಳು. "ತಗೋ. ಈಗ ಮಡಿ ಆತು."

ಗರಿಯೆಲ್ಲ ಮುದ್ದೆಯಾಗಿ ಬಕೆಟ್ಟಿನಲ್ಲಿ ಉಳಿದಿತ್ತು. ಆಕೆಯ ಕೈಯಲ್ಲಿದ್ದದ್ದು ಅರಿಶಿನದ ಕಲೆಯಾದ ಅಪ್ಪನ ಧೋತರ. ಅಷ್ಟು ವಯಸ್ಸಾದ ಹೆಂಗಸಿಗೆ ಕಾಗದ ನೀರಲ್ಲಿ ಉಳಿಯುವುದಿಲ್ಲ ಅಂತ ತಿಳಿಯದೇ? ತಿಳಿಯುತ್ತದೆ. ಮೈಲಿಗೆ ಅನ್ನುವ ಶಬ್ದ ಬಂದರೆ ಮಾತ್ರ ಏನೂ ತಿಳಿಯುವುದಿಲ್ಲ. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ.

ಹೊರಗೆ ಧ್ವನಿವರ್ಧಕದಲ್ಲಿ ಕರೆಯತೊಡಗಿದರು. "ಬಗಳಾ! ಬಗಳಾ ಕುಠೆ ಆಹೆ?" ಬೆಳ್ಳಕ್ಕಿ ಎಲ್ಲಿದೆ ಅಂತ. ಮತ್ತೆ ಕರೆದರು. ಬೆಳ್ಳಕ್ಕಿ ಹಾರಿಹೋಯಿತೇನೋ ಅಂತ ಯಾರೋ ಅಂದರು, ಜನ ನಕ್ಕರು. ಆಮೇಲೆ ಬೇರೆ ಹುಡುಗಿಯನ್ನು ಕರೆದರು. ಮಾವಶಿ ನನ್ನತ್ತ ನೋಡಲಾರದೆ ಹೊರಟುಹೋದಳು.

ಆಗ ಅವ್ವ ಚಾಪೆಯಿಂದ ಎದ್ದಳು. ಸೀದಾ ಒಳಗೆ ನಡೆದು ಕುಡಿಯುವ ನೀರಿನ ಕೊಡದ ಮೇಲೆ ಅಂಗೈ ಊರಿದಳು.

"ಮುಟ್ಟೀನಿ. ಅದ್ದರಿ ಇದನ್ನೂ."

ಸ್ಟೋ ಮುಟ್ಟಿದಳು. ಅಕ್ಕಿಯ ಡಬ್ಬಿ ಮುಟ್ಟಿದಳು. ಹಂಡೆಯ ನೀರಲ್ಲಿ ಮೊಣಕೈವರೆಗೆ ಕೈ ಅದ್ದಿದಳು. ಹಗ್ಗದ ಮೇಲಿದ್ದ ಅಜ್ಜಿಯ ಮಡಿ ಸೀರೆಯನ್ನು ಎಳೆದು ಅದಕ್ಕೇ ಕೈ ಒರೆಸಿಕೊಂಡಳು. "ಅದ್ದರಿ ಅತ್ತಿಯವರ, ಎಲ್ಲಾನೂ ಅದ್ದರಿ! ಯಾವ ನೀರಾಗ ಅದ್ದತೀರಿ ನಾನೂ ನೋಡತೀನಿ!"

ಅಜ್ಜಿ ಕಾಲು ಮೇಲೆಳೆದುಕೊಂಡು ಮಂಚದ ಮೂಲೆ ಸೇರಿದಳು. ಈಗ ಅಪ್ಪನ ಪೇಪರು ಕೆಳಗೆ ಬಂತು. "ಏ, ಹುಚ್ಚ ಹಿಡದದ ಏನ ನಿನಗ?"

"ಇಷ್ಟೊತ್ತ ಸುಮ್ಮ ಕೂತಿದ್ರೆಲ್ಲಾ? ಹಂಗ ಸುಮ್ಮ ಕೂಡ್ರಿ."

ಆಮೇಲೆ ಅವ್ವ ನೆಲಕ್ಕೆ ಕೂತು ನನ್ನನ್ನು ಬಾಚಿ ತಬ್ಬಿಕೊಂಡಳು. ಸ್ಪರ್ಧೆ ಮುಗಿದು ಚಪ್ಪಾಳೆ ಕೇಳುವವರೆಗೂ ಬಿಡಲಿಲ್ಲ.

ಚಾಳಿನ ನಳಕ್ಕೆ ನೀರು ಬರುವುದು ಮರುದಿನ ಬೆಳಿಗ್ಗೆ. ಮಾವಶಿಯ ಮನೆಯ ನೀರನ್ನು ಅಜ್ಜಿ ಮೊದಲೇ ಮುಟ್ಟುತ್ತಿರಲಿಲ್ಲ, ಬೇರೆ ಜಾತಿ. ಮಂಚದ ಮೇಲೆ ಜಪ ಮಾಡುತ್ತ ಕೂತಳು. ಆ ವರ್ಷ ಮಳೆ ಹಿಂದೆ ಸರಿದು ಸೆಕೆ ಹೆಚ್ಚಿತ್ತು. ದೀಪ ಹಚ್ಚುವ ಹೊತ್ತಿಗೆ ಜಪ ನಿಂತಿತು. ಯಾರ ಮುಖವನ್ನೂ ನೋಡದೆ, "ಒಂದ ತಂಬಿಗಿ ನೀರ ಕೊಡ್ರಿ" ಅಂದಳು.

ಅವ್ವ ಎದ್ದು ಅದೇ ಕೊಡದಿಂದ ತುಂಬಿಸಿ ತಂದು ಆಕೆಯ ಕೈಗೇ ಕೊಟ್ಟಳು. ಅಜ್ಜಿ ಗಟಗಟ ಕುಡಿದಳು. ತಂಬಿಗೆ ಬರಿದು ಮಾಡಿದಳು.

ನಾನು ಮಂಚದ ಮುಂದೆ ಹೋಗಿ ನಿಂತೆ. "ಕುಡದೆಲ್ಲಾ ಅಜ್ಜಿ! ಮತ್ತ ನನ್ನ ಬೆಳ್ಳಕ್ಕಿ ಯಾಕ ನೀರಾಗ ಹಾಕಿದಿ?"